ಬೆದೆ, ಸೂಲು ಮತ್ತು ಹೈನು: ಶಿರಾ ಸೀಮೆಯ ನಾಟಿ ಹಾಗೂ ಮಿಶ್ರತಳಿ ಹಸುಗಳ ಫಲವಂತಿಕೆ – ಒಂದು ಜಾನಪದೀಯ ವಿವೇಚನೆ

ಪಶುಪಾಲನೆಯನ್ನು ಬದುಕಿನ ಆಧಾರವಾಗಿಸಿಕೊಂಡ ಜನಸಮುದಾಯಗಳಲ್ಲಿ ಹಾಲಿನ ಪ್ರಶ್ನೆಗಿಂತ ಮೊದಲು ಎದುರಾಗುವುದು ಈಯುವಿಕೆಯ ಪ್ರಶ್ನೆ. ಈಯದ ಹಸು ಕರೆಯದು ಎಂಬುದು ಸರಳ ಸತ್ಯ. ಆದರೆ ಹೈನುಗಾರಿಕೆಯನ್ನು ಕುರಿತ ಇಂದಿನ ಚರ್ಚೆಗಳು ಬಹುಮಟ್ಟಿಗೆ ದಿನಕ್ಕೆ ಎಷ್ಟು ಲೀಟರು ಎಂಬಲ್ಲಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತವೆ. ಜನಪದರು ಹಸುವನ್ನು ಅಳೆಯುತ್ತಿದ್ದುದು ಲೀಟರಿನಿಂದಲ್ಲ, ಸೂಲಿನಿಂದ. ಎಷ್ಟನೆಯ ಸೂಲು, ಒಂದು ಸೂಲಿಗೂ ಇನ್ನೊಂದಕ್ಕೂ ಎಷ್ಟು ಅಂತರ, ಬರಗಾಲದಲ್ಲಿ ಗಬ್ಬ ಉಳಿಸಿಕೊಂಡಿತೇ ಎಂಬುವು ಅವರ ಅಳತೆಗೋಲುಗಳಾಗಿದ್ದವು. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಶಿರಾ, ಮಧುಗಿರಿ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ನೆಲೆಯಾಗಿಟ್ಟುಕೊಂಡು, ನಾಟಿ ಹಸುವಿನಿಂದ ಮಿಶ್ರತಳಿ ಹಸುವಿನ ಕಡೆಗೆ ನಡೆದ ಪಲ್ಲಟದಲ್ಲಿ ಫಲವಂತಿಕೆಯ ತಿಳಿವಳಿಕೆಗೆ ಏನಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಸೀಮೆ ಮತ್ತು ದನ

ಈ ನಾಲ್ಕೂ ತಾಲ್ಲೂಕುಗಳು ಕರ್ನಾಟಕದ ಮಧ್ಯ ಒಣ ವಲಯಕ್ಕೆ ಸೇರಿವೆ. ಕೆಂಪು ಮಣ್ಣು, ಕಲ್ಲುಗುಡ್ಡ, ಅನಿಶ್ಚಿತ ಮಳೆ, ರಾಗಿ ಹಾಗೂ ಕಡಲೆಕಾಯಿಯ ಬೇಸಾಯ ಇಲ್ಲಿನ ಸಾಮಾನ್ಯ ಚಿತ್ರ. ರಾಗಿಹುಲ್ಲು, ಜೋಳದ ಸಪ್ಪೆ, ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು ದನಗಳ ಮುಖ್ಯ ಮೇವು. ಬೇಸಾಯದಷ್ಟೇ ಪಶುಪಾಲನೆಯೂ ಇಲ್ಲಿ ಹಳೆಯದು. ಕಾಡುಗೊಲ್ಲರ ಹಟ್ಟಿಗಳು ಶಿರಾ ತಾಲ್ಲೂಕಿನಿಂದ ಹಿರಿಯೂರು, ಚಳ್ಳಕೆರೆಗಳವರೆಗೆ ಹಬ್ಬಿವೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಕಾಡುಗೊಲ್ಲರ ಪವಿತ್ರ ನೆಲೆಗಳಲ್ಲಿ ಒಂದಾಗಿದೆ. ಜುಂಜಪ್ಪನ ಕಾವ್ಯದ ನಾಯಕ ರಾಜನಲ್ಲ, ದನಗಾಹಿ. ಗಣೆ ನುಡಿಸುತ್ತಾ ಹುಲ್ಲು ನೀರು ಅರಸಿ ದನಗಳೊಂದಿಗೆ ಅಲೆಯುವವನು. ಅವನ ಪ್ರೀತಿಯ ಗೂಳಿ ಬಡಮೈಲನಿಗೆ ಕಾವ್ಯದಲ್ಲಿ ಒಂದು ಪಾತ್ರದ ಸ್ಥಾನವೇ ದೊರೆತಿದೆ. ಗಡಿಯಾಚೆಯ ತೆಲುಗು ನಾಡಿಗೆ ಹೊಂದಿಕೊಂಡ ಪಾವಗಡ, ಮಧುಗಿರಿ ಭಾಗಗಳಿಗೆ ಕಾಟಮರಾಜನ ಕಥಾಚಕ್ರವೂ ದೂರದ್ದಲ್ಲ. ಬರಕ್ಕೆ ಸಿಕ್ಕಿದ ದನಗಳ ಮೇವಿನ ಹಕ್ಕಿಗಾಗಿ ನೆಲ್ಲೂರಿನ ಅರಸನೊಡನೆ ನಡೆದ ಕಾಳಗ ಆ ಕಥೆಯ ತಿರುಳು. ಎರಡೂ ಕಥನಗಳಲ್ಲಿ ಸಂಪತ್ತೆಂದರೆ ದನ. ದನದ ಸಂಪತ್ತೆಂದರೆ ಅದರ ಸಂತಾನ.

ಈ ಸೀಮೆಯ ನಾಟಿ ದನಗಳಲ್ಲಿ ಹೆಸರಾದುದು ಹಳ್ಳಿಕಾರ್. ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ರೂಪುಗೊಂಡ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಪಡೆಯಿತು. ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗದ ದನಗಳಿಂದ ಅಮೃತ ಮಹಲ್ ತಳಿ ರೂಪುಗೊಂಡಿತೆಂಬುದು ದಾಖಲಾದ ಸಂಗತಿ. ಹಾಗಲವಾಡಿ ಇಂದಿನ ಗುಬ್ಬಿ ತಾಲ್ಲೂಕಿನಲ್ಲಿದೆ. ಅಂದರೆ ಈ ತಳಿಯ ಬೇರುಗಳು ತುಮಕೂರು–ಚಿತ್ರದುರ್ಗ ಸೀಮೆಯಲ್ಲಿಯೇ ಇವೆ. ಬೆಣ್ಣೆ, ಅಮೃತ ಎಂಬ ಹೆಸರುಗಳು ಹಾಲನ್ನು ನೆನಪಿಸಿದರೂ ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳಿಗೆ ಬೇಕಾದುದು ಫಿರಂಗಿ ಎಳೆಯುವ, ದಣಿಯದೆ ನಡೆಯುವ ಎತ್ತು. ರೈತನಿಗೂ ಬೇಕಾದುದು ನೇಗಿಲು, ಗಾಡಿ ಎಳೆಯುವ ಎತ್ತೇ. ಆದುದರಿಂದ ತಲೆಮಾರುಗಳ ಆಯ್ಕೆ ನಡೆದುದು ಕಾಲಿನ ಬಲಕ್ಕೆ, ಕೆಚ್ಚಲಿಗಲ್ಲ. ಹಳ್ಳಿಕಾರ್ ಹಸು ಹಾಲು ಕಡಿಮೆ ಕೊಡುತ್ತದೆಂದು ದೂರುವಾಗ ಈ ಚರಿತ್ರೆಯನ್ನು ಮರೆಯಲಾಗದು.

ಬೆದೆ–ಸೂಲುಗಳ ಪದಸಂಪತ್ತು

ಒಂದು ಸಮುದಾಯ ಯಾವುದನ್ನು ಸೂಕ್ಷ್ಮವಾಗಿ ಗಮನಿಸುತ್ತದೆಯೋ ಅದಕ್ಕೆ ಹೆಚ್ಚು ಪದಗಳನ್ನು ಕೊಡುತ್ತದೆ. ಹಸುವಿನ ಸಂತಾನ ಜೀವನದ ಪ್ರತಿ ಹಂತಕ್ಕೂ ಕನ್ನಡ ಜನಪದರಲ್ಲಿ ಪ್ರತ್ಯೇಕ ಮಾತಿದೆ. ಹೆಣ್ಣುಕರು ಬೆಳೆದು ಕಡಸಾಗುತ್ತದೆ, ಮಣಕವಾಗುತ್ತದೆ. ಹೋರಿಯನ್ನು ಬಯಸುವ ಕಾಲ ಬೆದೆ. ಹೋರಿ ಕೂಡಿದ ಮೇಲೆ ಫಲ ನಿಂತರೆ ಗಬ್ಬ, ನಡುವೆ ಕಳೆದುಹೋದರೆ ಕಂದು ಹಾಕುವುದು. ಮೊದಲ ಈಯುವಿಕೆ ಚೊಚ್ಚಲು. ಅನಂತರದ ಪ್ರತಿಯೊಂದೂ ಸೂಲು. ಈದ ಹೊಸತರಲ್ಲಿ ಹಸು ಎಳಗಂದಿ. ಅದರ ಮೊದಲ ದಪ್ಪ ಹಾಲು ಗಿಣ್ಣು. ಕರೆಯುವುದು ನಿಂತರೆ ಬತ್ತಿದ ಹಸು. ಎಷ್ಟು ಕಾದರೂ ಗಬ್ಬ ನಿಲ್ಲದಿದ್ದರೆ ಗೊಡ್ಡು. ಇವು ಕೇವಲ ಹೆಸರುಗಳಲ್ಲ. ಪ್ರತಿ ಪದದ ಹಿಂದೆಯೂ ಒಂದೊಂದು ಬಗೆಯ ಆರೈಕೆ, ಒಂದೊಂದು ಬಗೆಯ ನಿರೀಕ್ಷೆ ಇದೆ.

ಇವುಗಳಲ್ಲಿ ‘ಸೂಲು’ ಎಂಬ ಪದ ವಿಶೇಷವಾಗಿ ಗಮನಾರ್ಹ. ದನದ ಪರಿಷೆಗಳಲ್ಲಿ ಹಸುವಿನ ಬೆಲೆ ಕಟ್ಟುವಾಗ ಹಲ್ಲು, ಸುಳಿ, ಬಣ್ಣಗಳ ಜೊತೆಗೆ ಎಷ್ಟನೆಯ ಸೂಲು ಎಂಬುದನ್ನು ಕೇಳುವುದು ರೂಢಿ. ಪಶುವೈದ್ಯರು ಇಂದು ಕರಾವಿನ ಅವಧಿ, ಎರಡು ಕರುಗಳ ನಡುವಿನ ಅಂತರ ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕುವುದನ್ನು ಸೂಲು ಎಂಬ ಒಂದೇ ಪದ ಒಟ್ಟಾಗಿ ಹಿಡಿದಿಡುತ್ತದೆ. ಅದು ಗರ್ಭವನ್ನೂ ಹೇಳುತ್ತದೆ, ಹಾಲನ್ನೂ ಹೇಳುತ್ತದೆ.

ದೇವರ ಗೂಳಿ ಎಂಬ ವ್ಯವಸ್ಥೆ

ಊರಿನ ಹಸುಗಳೆಲ್ಲ ಒಟ್ಟಿಗೆ ಮೇಯಲು ಹೋಗುತ್ತಿದ್ದ ಕಾಲದಲ್ಲಿ ಮಂದೆಯ ನಡುವೆ ಒಂದು ಹೋರಿ ಇದ್ದೇ ಇರುತ್ತಿತ್ತು. ಹರಕೆ ಹೊತ್ತು, ಮುದ್ರೆ ಹಾಕಿ ದೇವರ ಹೆಸರಿನಲ್ಲಿ ಹೋರಿಯನ್ನು ಬಿಡುವ ‘ಬಸವ ಬಿಡುವ’ ಸಂಪ್ರದಾಯ ಈ ಸೀಮೆಯಲ್ಲೂ ವ್ಯಾಪಕವಾಗಿತ್ತು. ಅದು ಯಾರ ಹೊಲದಲ್ಲಿ ಮೇಯ್ದರೂ ಹೊಡೆಯುವಂತಿಲ್ಲ, ನೊಗಕ್ಕೆ ಕಟ್ಟುವಂತಿಲ್ಲ. ಕಾಡುಗೊಲ್ಲರಲ್ಲಿ ಮತ್ತು ಮ್ಯಾಸಬೇಡರಲ್ಲಿ ದೇವರಿಗೆ ಮೀಸಲಾದ ದನಗಳ ಹಿಂಡೇ ಇರುತ್ತದೆ. ಅವುಗಳನ್ನು ಕಾಯುವ ಕಿಲಾರಿಗೆ ವಿಧಿನಿಷೇಧಗಳಿವೆ, ಅವುಗಳ ಹಾಲಿಗೆ ಮೀಸಲು ಇದೆ. ಈ ಆಚರಣೆಗಳನ್ನು ಧಾರ್ಮಿಕ ನಂಬಿಕೆಯಾಗಿ ಮಾತ್ರ ವಿವರಿಸುವುದು ವಾಡಿಕೆ. ಆದರೆ ಫಲವಂತಿಕೆಯ ದೃಷ್ಟಿಯಿಂದ ನೋಡಿದರೆ ಅವು ಸಾಮುದಾಯಿಕ ತಳಿ ವ್ಯವಸ್ಥೆಯೂ ಹೌದು. ಒಬ್ಬ ರೈತ ಸಾಕಲಾರದ ಹೋರಿಯನ್ನು ಇಡೀ ಊರು ಸಾಕುತ್ತಿತ್ತು. ಅದಕ್ಕೆ ಪ್ರತಿಯಾಗಿ ಊರಿನ ಪ್ರತಿ ಹಸುವಿಗೂ ಬೆದೆಯ ವೇಳೆಗೆ ಹೋರಿ ದೊರೆಯುತ್ತಿತ್ತು.

ಈ ವ್ಯವಸ್ಥೆಯ ಮುಖ್ಯ ಗುಣ ಬೆದೆಯನ್ನು ಗುರುತಿಸುವ ಹೊಣೆ ಮನುಷ್ಯನ ಮೇಲೆ ಇರದಿದ್ದುದು. ಹಸುವಿಗೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಬೆದೆ ಬರುತ್ತದೆ. ಅದು ಕೆಲವೇ ಗಂಟೆಗಳ ಕಾಲ ಇರುತ್ತದೆ. ನಾಟಿ ಹಸುಗಳಲ್ಲಿ ಬೆದೆಯ ಅವಧಿ ಇನ್ನೂ ಕಿರಿದು, ಲಕ್ಷಣಗಳೂ ಮಂದ. ಮೂಸಿ ನೋಡುವ ಹೋರಿಗೆ ಅದು ತಪ್ಪುವುದಿಲ್ಲ.

ಹಾಗೆಂದು ಈ ಪದ್ಧತಿ ದೋಷರಹಿತವಾಗಿತ್ತೆಂದು ಹೇಳಲಾಗದು. ಒಂದೇ ಗೂಳಿ ಹಲವು ವರ್ಷ ಊರಿನಲ್ಲಿ ಉಳಿದರೆ ತನ್ನ ಮಗಳನ್ನೇ ಕೂಡುವ ಸಂಭವವಿತ್ತು. ಕಂದು ರೋಗದಂತಹ ಸೋಂಕು ಒಂದು ಹಸುವಿನಿಂದ ಇನ್ನೊಂದಕ್ಕೆ ಹರಡಲು ದಾರಿಯಾಗುತ್ತಿತ್ತು. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ಸೂಚಿಸುವಂತೆ ಜನಪದರು ಹಸುವಿನ ಗುಣವನ್ನು ತಾಯಿಯ ಸಾಲಿನಲ್ಲಿಯೇ ಹೆಚ್ಚಾಗಿ ಹುಡುಕಿದರು. ಹಾಲಿನ ಗುಣ ಹೋರಿಯ ಮೂಲಕವೂ ಇಳಿದು ಬರುತ್ತದೆಂಬ ಅರಿವು ತಳಿ ಸುಧಾರಣೆಯ ರೂಪ ತಾಳಿದುದು ಅನಂತರ.

ಸೀಮೆ ಹಸುವಿನ ಆಗಮನ

ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಪ್ರಯೋಗ ನಡೆದುದು ಮೈಸೂರಿನ ಅರಮನೆ ಹೈನು ಕ್ಷೇತ್ರದಲ್ಲಿ, 1939ರಲ್ಲಿ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಷಿಯನ್ ಹೋರಿಯ ವೀರ್ಯವನ್ನು ಬಳಸಿ 33 ಹಸುಗಳು ಗಬ್ಬವಾಗುವಂತೆ ಮಾಡಿದರು. ಈ ದೇಶದ ಕೃತಕ ಗರ್ಭಧಾರಣೆಯ ಚರಿತ್ರೆ ಹಳ್ಳಿಕಾರ್ ಹಸುವಿನಿಂದಲೇ ಆರಂಭವಾಯಿತೆಂಬುದು ಉಲ್ಲೇಖನೀಯ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ 1969ರಲ್ಲಿ ಕೇಂದ್ರೀಯ ಘನೀಕೃತ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆ ಸ್ಥಾಪನೆಯಾಯಿತು. ಮೈನಸ್ 196 ಡಿಗ್ರಿ ಸೆಲ್ಸಿಯಸ್ ಶೈತ್ಯದ ದ್ರವ ಸಾರಜನಕದಲ್ಲಿ ಕಾಪಿಟ್ಟ ವೀರ್ಯದ ಕಡ್ಡಿಗಳು ಹಳ್ಳಿಗಳನ್ನು ತಲುಪಿದವು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಗ್ರಾಮಮಟ್ಟದ ಹಾಲು ಉತ್ಪಾದಕರ ಸಹಕಾರ ಸಂಘಗಳ ಸಂಘಟನೆ ಆರಂಭವಾಗಿ, ದಿನಕ್ಕೆ ಎರಡು ಹೊತ್ತು ಹಾಲು ಕೊಳ್ಳುವ ವ್ಯವಸ್ಥೆ ಮನೆಯ ಬಾಗಿಲಿಗೆ ಬಂದಿತು. ಮಜ್ಜಿಗೆ ತುಪ್ಪಗಳ ರೂಪದಲ್ಲಿ ಮನೆಯೊಳಗೆ ಉಳಿಯುತ್ತಿದ್ದ ಹೈನು ಡೈರಿಯ ಹಣವಾಯಿತು.

ಜನರ ಮಾತು ಈ ಬದಲಾವಣೆಯನ್ನು ತಕ್ಷಣವೇ ಗ್ರಹಿಸಿತು. ಹಸು ಎಂಬ ಒಂದೇ ಪದ ‘ನಾಟಿ ಹಸು’, ‘ಸೀಮೆ ಹಸು’ ಎಂದು ಎರಡಾಯಿತು. ಎಚ್.ಎಫ್., ಜರ್ಸಿ ಎಂಬುವು ಊರಿನ ಮಾತಾದವು. ‘ಹೋರಿಗೆ ಬಿಡುವುದು’ ಎಂಬುದರ ಜಾಗದಲ್ಲಿ ‘ಇಂಜೆಕ್ಷನ್ ಕೊಡಿಸುವುದು’ ಬಂದಿತು. ಕೂಡುವಿಕೆ ಚಿಕಿತ್ಸೆಯಾಯಿತೆಂಬುದನ್ನು ಈ ಒಂದು ಮಾತೇ ತಿಳಿಸುತ್ತದೆ.

ಇದೇ ಕಾಲದಲ್ಲಿ ಟ್ರ್ಯಾಕ್ಟರು ಬಂದು ಎತ್ತಿನ ಅಗತ್ಯ ತಗ್ಗಿತು. ತಳಿ ಕೆಡಿಸುವ ಹೋರಿಗಳೆಂದು ಬಿಡಾಡಿ ಹೋರಿಗಳ ಬೀಜ ಒಡೆಸಲಾಯಿತು. ಗೋಮಾಳಗಳು ಕುಗ್ಗಿದವು. 2018ರಿಂದ ವಿದ್ಯುತ್ ಉತ್ಪಾದಿಸತೊಡಗಿದ ಪಾವಗಡದ ಸೌರ ವಿದ್ಯುತ್ ಪಾರ್ಕು ಸುಮಾರು 13,000 ಎಕರೆ ಭೂಮಿಯನ್ನು ಗುತ್ತಿಗೆಗೆ ಪಡೆದಿದೆ. ಪಕ್ಕದ ಚಳ್ಳಕೆರೆಯಲ್ಲಿ ಅಮೃತ ಮಹಲ್ ಕಾವಲಿನ ವಿಶಾಲ ಭಾಗ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಮಂದೆ ಮೇಯುವ ಜಾಗ ಕಡಿಮೆಯಾದಂತೆ ಹಸು ಕೊಟ್ಟಿಗೆಯ ಗೂಟಕ್ಕೆ ಬಂದಿತು. ರಾಷ್ಟ್ರಮಟ್ಟದಲ್ಲೂ ಇದೇ ಒಲವು ಕಾಣುತ್ತದೆ. 2012 ಮತ್ತು 2019ರ ಜಾನುವಾರು ಗಣತಿಗಳ ನಡುವೆ ದೇಶದ ವಿದೇಶಿ ಮತ್ತು ಮಿಶ್ರತಳಿ ದನಗಳ ಸಂಖ್ಯೆ ಸುಮಾರು ಶೇ. 27ರಷ್ಟು ಏರಿದರೆ, ದೇಶಿ ದನಗಳ ಸಂಖ್ಯೆ ಶೇ. 6ರಷ್ಟು ಇಳಿದಿದೆ.

ಹಾಲಿನ ಲೆಕ್ಕ, ಸೂಲಿನ ಲೆಕ್ಕ

ಹಳ್ಳಿಕಾರ್ ಹಸು ಒಂದು ಸೂಲಿನಲ್ಲಿ ಸರಾಸರಿ 540 ಕಿಲೋಗ್ರಾಂ ಹಾಲು ಕೊಡುತ್ತದೆ. ಮೊದಲ ಕರು ಹಾಕುವ ವೇಳೆಗೆ ಅದಕ್ಕೆ ಮೂರೂವರೆ, ನಾಲ್ಕು ವರ್ಷವಾಗಿರುತ್ತದೆ. ಒಂದು ಸೂಲಿಗೂ ಇನ್ನೊಂದಕ್ಕೂ ಸುಮಾರು 20 ತಿಂಗಳ ಅಂತರವಿರುತ್ತದೆ. ಚೆನ್ನಾಗಿ ಸಾಕಿದ ಮಿಶ್ರತಳಿ ಹಸು ಎರಡೂವರೆ, ಮೂರು ವರ್ಷಕ್ಕೆ ಈಯುತ್ತದೆ, 13ರಿಂದ 15 ತಿಂಗಳಿಗೊಮ್ಮೆ ಮತ್ತೆ ಈಯಬಲ್ಲುದು, ಸೂಲಿಗೆ 2,500 ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಹಾಲು ಕೊಡಬಲ್ಲುದು. ಇಷ್ಟನ್ನೇ ನೋಡಿದರೆ ವಾದಕ್ಕೆ ಎಡೆಯಿಲ್ಲ.

ಆದರೆ ಇಲ್ಲಿ ‘ಚೆನ್ನಾಗಿ ಸಾಕಿದ’ ಎಂಬ ಮಾತು ನಿರ್ಣಾಯಕ. ಉದಾಹರಣೆಗೆ, ಸೂಲಿಗೆ 2,500 ಕಿಲೋಗ್ರಾಂ ಕೊಡುವ ಹಸು 14 ತಿಂಗಳಿಗೊಮ್ಮೆ ಈದರೆ ತಿಂಗಳೊಂದಕ್ಕೆ ಸರಾಸರಿ ಸುಮಾರು 179 ಕಿಲೋಗ್ರಾಂ ಹಾಲು ಬಂದಂತಾಯಿತು. ಅದೇ ಹಸು ಗಬ್ಬ ನಿಲ್ಲದೆ 20 ತಿಂಗಳಿಗೆ ಈದರೆ ಅದು 125 ಕಿಲೋಗ್ರಾಮಿಗೆ ಇಳಿಯುತ್ತದೆ. ಕರಾವು ಎಳೆದುಕೊಂಡು ಹೋಗಿ ಸ್ವಲ್ಪ ಹೆಚ್ಚು ಹಾಲು ಸಿಕ್ಕರೂ ಕೊನೆಯ ತಿಂಗಳುಗಳ ಹಾಲು ಮೇವಿನ ಖರ್ಚಿಗೆ ಸಾಲದು. ತಳಿಯಿಂದ ಬಂದ ಲಾಭದ ಸುಮಾರು ಮೂರನೆಯ ಒಂದು ಭಾಗವನ್ನು ತಪ್ಪಿದ ಬೆದೆಗಳು ನುಂಗುತ್ತವೆ. ನಾಟಿ ಹಸುವಿನ ಸೂಲು ತಡವಾದರೆ ಮನೆಯವರು ಕಾಯಬಲ್ಲರು. ಅದು ಬೀಳಿನಲ್ಲಿ ಮೇಯ್ದು ಬದುಕುತ್ತದೆ. ಹಿಂಡಿ, ಬೂಸ, ಸಾಲದ ಕಂತುಗಳ ಮೇಲೆ ನಿಂತ ಸೀಮೆ ಹಸು ಬತ್ತಿ ನಿಂತರೆ ಕಾಯುವ ಶಕ್ತಿ ಸಣ್ಣ ಹಿಡುವಳಿದಾರನಿಗೆ ಇರುವುದಿಲ್ಲ. ಸೂಲಿನ ಲೆಕ್ಕ ಹಳೆಯ ಕಾಲದ್ದೆಂದು ಕೈಬಿಟ್ಟಲ್ಲಿಯೇ ಅದರ ಅಗತ್ಯ ಹೆಚ್ಚಾಗಿದೆ.

ಮಿಶ್ರತಳಿಯ ಲಾಭ ಮೊದಲ ತಲೆಮಾರಿನಲ್ಲಿ ಎದ್ದು ಕಾಣುತ್ತದೆ. ವಿದೇಶಿ ರಕ್ತದ ಪಾಲು ಮಿತಿ ಮೀರಿದಂತೆ ಬಿಸಿಲು, ಉಣ್ಣೆ, ಮೇವಿನ ಕೊರತೆಗಳನ್ನು ತಾಳುವ ಗುಣ ಕುಂದುತ್ತದೆ. ಈ ಪಾಲು ಶೇ. 50ರಿಂದ 62.5ರೊಳಗೆ ಇರಬೇಕೆಂಬುದು ತಳಿ ನೀತಿಯ ಆಶಯ. ಯಾವ ಹಸು ಯಾವ ಹೋರಿಯ ಮಗಳೆಂಬ ದಾಖಲೆಯಿಲ್ಲದೆ, ಹೆಚ್ಚು ಹಾಲಿನ ಆಸೆಯಿಂದ ಮತ್ತೆ ಮತ್ತೆ ಎಚ್.ಎಫ್. ಕಡ್ಡಿಯನ್ನೇ ಹಾಕಿಸಿದರೆ ಈ ಮಿತಿ ಉಳಿಯುವುದಿಲ್ಲ.

ಕಾಣದೆ ಹೋಗುವ ಬೆದೆ

ಮಂದೆಯಲ್ಲಿ ಹೋರಿ ಮಾಡುತ್ತಿದ್ದ ಕೆಲಸ ಈಗ ಮನೆಯವರ, ಅದರಲ್ಲೂ ಹಸು ಕರೆಯುವ ಹೆಣ್ಣುಮಕ್ಕಳ ಕಣ್ಣಿಗೆ ಬಂದಿದೆ. ಬೆದೆಯ ಖಚಿತ ಗುರುತು ಮತ್ತೊಂದು ದನ ಮೈಮೇಲೆ ಏರಿದಾಗ ಹಸು ಕದಲದೆ ನಿಲ್ಲುವುದು. ಗೂಟಕ್ಕೆ ಕಟ್ಟಿದ ಒಂಟಿ ಹಸು ಈ ಗುರುತನ್ನು ತೋರಿಸಲು ಸಾಧ್ಯವೇ ಇಲ್ಲ. ಉಳಿಯುವುದು ಸಣ್ಣ ಸೂಚನೆಗಳು ಮಾತ್ರ: ಕೂಗುವುದು, ಮೇವು ಬಿಡುವುದು, ಹಾಲು ಇಳಿಯುವುದು, ಪದೇ ಪದೇ ಗಂಜಲ ಹೊಯ್ಯುವುದು, ಗಾಜಿನಂತೆ ತಿಳಿಯಾದ ಲೋಳೆ ಇಳಿಬೀಳುವುದು. ಬೆದೆ ಅನೇಕ ವೇಳೆ ರಾತ್ರಿ ಅಥವಾ ನಸುಕಿನಲ್ಲಿ ತೋರುತ್ತದೆ. ಬೇಸಿಗೆಯಲ್ಲಿ ಲಕ್ಷಣಗಳು ಇನ್ನಷ್ಟು ಮಂಕಾಗುತ್ತವೆ. ಯಾವ ಲಕ್ಷಣವೂ ಹೊರಗೆ ಕಾಣದಿರುವುದನ್ನು ‘ಮೂಕ ಬೆದೆ’ ಎನ್ನುತ್ತಾರೆ. ಕೂಗದ ಬೆದೆಗೆ ‘ಮೂಕ’ ಎಂಬ ವಿಶೇಷಣ ತಾನೇ ಒಂದು ನಿರೂಪಣೆಯಾಗಿದೆ.

ಬೆದೆ ಮುಗಿದ 10–12 ಗಂಟೆಗಳ ಅನಂತರ ಅಂಡ ಬಿಡುಗಡೆಯಾಗುತ್ತದೆ. ಅಂಡದ ಆಯುಷ್ಯ ಕೆಲವೇ ಗಂಟೆ. ಆದುದರಿಂದಲೇ ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಗರ್ಭಧಾರಣೆ ಮಾಡಿಸಬೇಕೆಂಬ ನಿಯಮ ಬಂದಿದೆ. ಲೋಳೆಯಲ್ಲಿ ರಕ್ತ ಕಂಡರೆ ಬೆದೆ ಒಂದೆರಡು ದಿನದ ಹಿಂದೆಯೇ ಕಳೆದಿದೆ ಎಂದರ್ಥ. ಆಗ ವೈದ್ಯರನ್ನು ಕರೆಸಿ ಪ್ರಯೋಜನವಿಲ್ಲ. ಅಂದಿನಿಂದ 18–19 ದಿನ ಎಣಿಸಿ ಮುಂದಿನ ಬೆದೆಗೆ ಕಾಯಬೇಕು. ಒಂದು ಬೆದೆ ತಪ್ಪಿದರೆ 21 ದಿನ, ಮೂರು ತಪ್ಪಿದರೆ 63 ದಿನ ವ್ಯರ್ಥ. ಮೂರು ಬಾರಿ ಗರ್ಭಧಾರಣೆ ಮಾಡಿಸಿದರೂ ಫಲ ನಿಲ್ಲದ ಹಸುವನ್ನು ಮನೆಯವರು ಗೊಡ್ಡೆಂದು ಮಾರಿಬಿಡುವುದುಂಟು. ಅವುಗಳಲ್ಲಿ ಅನೇಕವು ನಿಜವಾದ ಗೊಡ್ಡುಗಳಲ್ಲ. ವೇಳೆ ತಪ್ಪಿದ ಕಡ್ಡಿ, ಮೇವಿನಲ್ಲಿ ರಂಜಕದ ಕೊರತೆ, ಈದ ಮೇಲೆ ಹಾಲಿಗೆ ತಕ್ಕ ತಿನಿಸು ಸಿಗದೆ ಮೈ ಇಳಿದಿರುವುದು ಇದಕ್ಕೆ ಕಾರಣಗಳಾಗಿರುತ್ತವೆ. ಒಣಹುಲ್ಲನ್ನೇ ನಂಬಿದ ಈ ಸೀಮೆಯಲ್ಲಿ ಖನಿಜ ಮಿಶ್ರಣದ ಪಾತ್ರ ದೊಡ್ಡದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಪ್ರದೇಶವಾರು ಖನಿಜ ಮಿಶ್ರಣಗಳನ್ನು ರೂಪಿಸಿರುವುದು ಈ ಹಿನ್ನೆಲೆಯಲ್ಲಿ ಮುಖ್ಯ.

ನಾಟಿ ಹಸುವಿನ ದೀರ್ಘ ಅಂತರಕ್ಕೂ ಕಾರಣವಿದೆ. ಕರು ಮುಟ್ಟದೆ ಅದು ಹಾಲು ಇಳಿಸದು. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಕರೆಯುತ್ತಿದ್ದ ಹಳೆಯ ರೂಢಿ ಈ ಬಂಧವನ್ನೇ ಆಧರಿಸಿದೆ. ಕರು ಕುಡಿಯುತ್ತಿರುವಷ್ಟು ಕಾಲ ಹಸುವಿನ ಅಂಡಾಶಯದ ಚಟುವಟಿಕೆ ಮರಳುವುದು ತಡವಾಗುತ್ತದೆಂದು ವಿಜ್ಞಾನ ಹೇಳುತ್ತದೆ. ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಹುಲಿಯ ಬಾಯಿಗೆ ಹೋಗುವ ಮುನ್ನ ಕರುವಿಗೆ ಮೊಲೆ ಕೊಟ್ಟು ಬರಲು ಅವಕಾಶ ಬೇಡುವ ಸನ್ನಿವೇಶವನ್ನು ನೀತಿಕಥೆಯಾಗಿ ಓದುವುದು ಸಹಜ. ದನಗಾಹಿ ಸಮುದಾಯದ ಕಿವಿಗೆ ಅದು ನಾಟಿ ಹಸುವಿನ ಸ್ವಭಾವದ ನಿಖರ ಚಿತ್ರವೂ ಹೌದು. ಬರದ ಸೀಮೆಯಲ್ಲಿ ಎರಡು ಸೂಲುಗಳ ನಡುವಿನ ಅಂತರ ಹಸುವಿನ ಮೈಗೆ ವಿಶ್ರಾಂತಿಯಾಗಿ, ಕರುವಿಗೆ ಹಾಲಾಗಿ ಒದಗುತ್ತಿತ್ತು.

ಮನೆಮದ್ದು ಮತ್ತು ವಿಜ್ಞಾನ

ಬೆದೆಗೆ ಬಾರದ ಹಸುವಿಗೆ ಮೊಳಕೆ ಕಟ್ಟಿದ ಕಾಳು ತಿನ್ನಿಸುವುದು ಜನಪದ ವೈದ್ಯದ ಪ್ರಸಿದ್ಧ ಕ್ರಮ. ಗಬ್ಬ ನಿಲ್ಲದ ಹಸುಗಳಿಗೆ ಮೂಲಂಗಿ, ಲೋಳೆಸರ, ನುಗ್ಗೆ ಸೊಪ್ಪು, ಮಂಗರವಳ್ಳಿ, ಕರಿಬೇವುಗಳನ್ನು ದಿನಕ್ರಮವಾಗಿ ಕೊಡುವ ಪದ್ಧತಿಯನ್ನು ಇತ್ತೀಚಿನ ವರ್ಷಗಳಲ್ಲಿ ರಾಷ್ಟ್ರೀಯ ಹೈನುಗಾರಿಕಾ ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡಿದೆ. ಇವು ಪೋಷಣೆಯ ಕೊರತೆಯಿದ್ದಲ್ಲಿ ನೆರವಾಗಬಹುದು. ಗರ್ಭಕೋಶದ ಸೋಂಕು, ಕಂದು ರೋಗಗಳಿಗೆ ಇವುಗಳನ್ನೇ ನಂಬಿ ಕೂರುವುದು ಅಪಾಯ. ಕಂದು ರೋಗಕ್ಕೆ ಹೆಣ್ಣುಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಹಾಕುವ ಲಸಿಕೆಯೇ ದಾರಿ. ಮನುಷ್ಯರಿಗೂ ಹರಡುವ ಈ ರೋಗದಲ್ಲಿ ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಬಾರದೆಂಬ ಎಚ್ಚರ ಅಗತ್ಯ.

ತಳಿ ಸಂರಕ್ಷಣೆಯ ಪ್ರಯತ್ನಗಳೂ ನಡೆದಿವೆ. ತುರುವೇಕೆರೆ ತಾಲ್ಲೂಕಿನ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರ್ ತಳಿ ಸಂವರ್ಧನಾ ಕೇಂದ್ರವಿದೆ. ತಿಪಟೂರಿನ ಬಳಿಯ ಕೊನೇಹಳ್ಳಿಯಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಮೃತ ಮಹಲ್ ಸಂಶೋಧನಾ ಕೇಂದ್ರವಿದೆ. 2014ರ ಡಿಸೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ್ ಮಿಷನ್ ದೇಶಿ ತಳಿಗಳ ಅಭಿವೃದ್ಧಿಯನ್ನು ಗುರಿಯಾಗಿಸಿಕೊಂಡಿದೆ. ಈ ಕೇಂದ್ರಗಳು ಹೋರಿಯನ್ನು ಉಳಿಸಬಲ್ಲವು. ಹೋರಿಯ ಸುತ್ತ ಇದ್ದ ಊರಿನ ಹೊಣೆಗಾರಿಕೆಯನ್ನು ಉಳಿಸುವುದು ಅವುಗಳಿಂದ ಮಾತ್ರ ಆಗುವ ಕೆಲಸವಲ್ಲ.

ಸಮಾರೋಪ

ನಾಟಿ ಹಸುವೋ ಸೀಮೆ ಹಸುವೋ ಎಂಬ ವಾದ ಈ ಸೀಮೆಯ ಮಟ್ಟಿಗೆ ಅಪೂರ್ಣವಾದುದು. ಹಾಲಿನ ಹಣ ಮಳೆಯನ್ನು ನಂಬಿದ ಸಣ್ಣ ರೈತರ ಮನೆಗಳಿಗೆ ವಾರ ವಾರದ ಆಧಾರವಾಗಿದೆ. ಆ ಹಣವನ್ನು ಹಳ್ಳಿಕಾರ್ ಹಸುವಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಹಾಗೆಯೇ ಮಿಶ್ರತಳಿ ಹಸುವಿನಿಂದ ಬರಗಾಲದ ತಾಳಿಕೆಯನ್ನು ನಿರೀಕ್ಷಿಸಲಾಗದು. ಎರಡಕ್ಕೂ ಸಮಾನವಾದುದು ಸೂಲು. ಹೋರಿ, ಮಂದೆ, ಗೋಮಾಳ, ದೇವರ ಗೂಳಿ ಎಂಬ ಸರಪಳಿ ಹಿಂದೆ ಬೆದೆಯನ್ನು ಗುರುತಿಸಿ ಫಲ ನಿಲ್ಲಿಸುತ್ತಿತ್ತು. ಆ ಸರಪಳಿ ಕಡಿದು ಹೋದಾಗ ಅದರ ಜಾಗಕ್ಕೆ ವೀರ್ಯದ ಕಡ್ಡಿ ಬಂದಿತೇ ಹೊರತು, ಬೆದೆಯನ್ನು ಕಾಣುವ ಕಣ್ಣು ಬರಲಿಲ್ಲ. ಆ ಕಣ್ಣು ಇರುವುದು ದಿನಕ್ಕೆರಡು ಬಾರಿ ಕೆಚ್ಚಲು ಮುಟ್ಟುವ ಹೆಣ್ಣುಮಕ್ಕಳಲ್ಲಿ, ಹಟ್ಟಿಗಳ ಹಿರಿಯ ದನಗಾಹಿಗಳಲ್ಲಿ, ಅವರು ಬಳಸುವ ಮಾತುಗಳಲ್ಲಿ. ಬೆದೆ, ಗಬ್ಬ, ಕಂದು, ಎಳಗಂದಿ, ಸೂಲು ಎಂಬ ಪದಗಳು ನಿಘಂಟಿನ ಪಾಲಾಗುವ ಮೊದಲು ಪಶುವೈದ್ಯ ಶಾಸ್ತ್ರ ಮತ್ತು ಜಾನಪದ ಅಧ್ಯಯನ ಒಟ್ಟಾಗಿ ಅವುಗಳನ್ನು ದಾಖಲಿಸಬೇಕಾಗಿದೆ. ಬೆದೆ ಕಂಡ ದಿನವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಗುರುತಿಟ್ಟು 21 ದಿನ ಎಣಿಸುವ ಮನೆಯಲ್ಲಿ ಹಸು ಗೊಡ್ಡೆಂದು ಮಾರಾಟವಾಗುವ ಸಂಭವ ಕಡಿಮೆ.